ತದಿಗೆಯ ದಿನ ಚೆಲ್ಲಿದ ಹಿಟ್ಟು

ಗಣಪತಿಯನ್ನು ನೀರಿಗೆ ಬಿಡಲು ಹೋದವರು ಅವನನ್ನು ದಂಡೆಯಲ್ಲೇ ಬಿಟ್ಟು ಓಡಿ ಬಂದರು. ಚೌತಿಯ ಮರುದಿನ, ಸಂಜೆ ನಾಲ್ಕು ಗಂಟೆ. ಇಡಗುಂದಿ ಹತ್ತಿರದ ಕೆರೆಯಲ್ಲಿ ಮೊದಲೇ ಒಬ್ಬ ತೇಲುತ್ತಿದ್ದ.

ಯಲ್ಲಾಪುರದಿಂದ ಪಿಎಸ್‌ಐ ಸೌಮ್ಯ ನಾಯ್ಕ ಬರುವಷ್ಟರಲ್ಲಿ ಹೆಣವನ್ನು ಮೇಲೆ ಎಳೆದಿದ್ದರು. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ದಿನಕರ ಹೆಗಡೆ, ನಲವತ್ತೆರಡು ವರ್ಷ. ಅಣ್ಣ ಶಂಭುಲಿಂಗನ ಜೊತೆ ಮನೆಯಲ್ಲೇ ಹಬ್ಬದ ತಿಂಡಿ ಮಾಡಿಸಿ ಮಾರುತ್ತಿದ್ದ. ಅವರ ಮನೆಯ ತೊಡದೇವು ಅಂದರೆ ಶಿರಸಿ, ಸಿದ್ದಾಪುರದವರೂ ಹೇಳಿ ಕಳಿಸಿ ತರಿಸುವ ತಿಂಡಿ. ಮಡಿಯಲ್ಲಿ ಮಾಡಿದ್ದು, ಕಣ್ಣು ಮುಚ್ಚಿ ದೇವರಿಗೆ ಇಡಬಹುದು ಎಂದು ಹೆಸರು.

ತಲೆಯ ಹಿಂಭಾಗ ಒಡೆದಿತ್ತು. ಕೆರೆ ಏರಿಯ ಮೇಲೆ ಹುಲ್ಲು ಕೊಯ್ಯುವ ಕತ್ತಿಯೊಂದು ಬಿದ್ದಿತ್ತು. ಹಿಡಿಯ ಮೇಲೆ ‘ಗ’ ಎಂದು ಕೊರೆದಿತ್ತು.

“ಇದು ಗಣಪಂದು ಮೇಡಂ,” ಎಂದ ಹೆಡ್ ಕಾನ್‌ಸ್ಟೆಬಲ್ ಉಲ್ಲಾಸ. “ಹೆಗಡೇರ ಮನೆ ಕೆಲಸದ ದುರ್ಗಿ ಗಂಡ. ಹೋದ ವಾರ ಪೇಟೆಲಿ ಇವ್ರಿಗೆ ಕೂಗಾಡಿದ್ನಲ, ನಮ್ಮನೆ ಹೆಂಗ್ಸಿನ ಸುದ್ದಿಗೆ ಬಂದ್ರೆ ಕಾಲು ಮುರೀತೆ ಅಂತ. ಸಂತೆಯೇ ಕೇಳಿದೆ.”

*

ಶಂಭುಲಿಂಗ ಹೆಗಡೆ ಜಗಲಿಯ ಕಂಬಕ್ಕೆ ಒರಗಿ ಅತ್ತ. ಹಣೆಗೆ ಗಂಧವಿರಲಿಲ್ಲ. ಒಳಗೆ ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ಸತ್ತ ಮನೆಯಲ್ಲಿ ಹಬ್ಬದ ಕಳೆ ಎಲ್ಲಿಂದ ಬರಬೇಕು ಎಂದುಕೊಂಡಳು ಸೌಮ್ಯ.

“ತದಿಗೆ ದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಟ. ಡಬ್ಬಿ ಪ್ರಿಂಟ್ ಮಾಡಿಸ್ಕೊಂಡು ಬರ್ತೇನೆ ಅಂದ,” ಎಂದ ಶಂಭುಲಿಂಗ. “ಅಲ್ಲೇ ಉಳಿದಿದಾನೆ ಅಂತ ತಿಳ್ಕೊಂಡಿದ್ದೆ. ಸತ್ತವನ ಬಗ್ಗೆ ಆಡಬಾರದು, ಆದ್ರೂ ಹೇಳ್ತೇನೆ. ಆ ದುರ್ಗಿ ಮನೆಗೆ ಹೋಗಿ ಬಂದು ಮಾಡ್ತಿದ್ದ. ಗಣಪನ್ನ ಒಂದು ಮಾತು ಕೇಳಿ.”

ಅವನ ಹೆಂಡತಿ ಪರಿಮಳಾ ತಲೆ ತಗ್ಗಿಸಿ ನಿಂತಿದ್ದಳು.

ಏಳು ಗಂಟೆಗೆ ಗಣಪ ಠಾಣೆಯಲ್ಲಿದ್ದ. ಕತ್ತಿ ತನ್ನದೇ ಎಂದು ಒಪ್ಪಿದ. ಕೂಗಾಡಿದ್ದನ್ನೂ ಒಪ್ಪಿದ. ಕೊಂದದ್ದನ್ನು ಮಾತ್ರ ಒಪ್ಪಲಿಲ್ಲ.

“ಹುಲ್ಲಿಗೆ ಹೋದಾಗ ಕತ್ತಿ ಮರ್ತು ಬಂದೆ ಅಮ್ಮಾ. ಅಷ್ಟೇಯ.”

ಈ ಮಾತನ್ನು ಯಾವ ಸಾಹೇಬ ನಂಬುತ್ತಾನೆ? ಸೌಮ್ಯಳಿಗೂ ನಂಬಿಕೆ ಬರಲಿಲ್ಲ. ಮರುದಿನ ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಜೈಲು. ಬಿಡಿಸಿಕೊಂಡು ಬರಲು ಗಣಪನ ಹಿಂದೆ ಇದ್ದವಳು ದುರ್ಗಿ ಒಬ್ಬಳೇ.

*

ಬೆಳಿಗ್ಗೆ ಎಂಟಕ್ಕೆ ಡಾಕ್ಟರು ಫೋನ್ ಮಾಡಿದರು. “ಕತ್ತಿ ಗಾಯ ಅಲ್ಲ. ಕಲ್ಲಿಗೆ ತಲೆ ಬಡಿದಿದೆ. ಆದ್ರೆ ಸತ್ತದ್ದು ನೀರು ಕುಡಿದು. ತದಿಗೆ ಮಧ್ಯಾಹ್ನವೇ ಹೋಗಿದಾನೆ.”

ದುರ್ಗಿ ಆಗಲೇ ಠಾಣೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೆರಳ ತುದಿಗಳೆಲ್ಲ ಸುಟ್ಟು ಕಪ್ಪಾಗಿದ್ದವು.

“ಕೈಗೆ ಎಂತ ಆಯ್ತು?”

“ತೊಡದೇವಿನ ಬೆಂಕಿ ಅಮ್ಮಾ. ಮಡಕೆ ಬೋರಲು ಹಾಕಿ, ಅಡಿಗೆ ಬೆಂಕಿ ಮಾಡಿ, ಹಿಟ್ಟಲ್ಲಿ ಅದ್ದಿದ ಬಟ್ಟೆ ಮೇಲಿಂದ ಎಳೀಬೇಕು. ಕಾಗದದ ಹಾಂಗೆ ಏಳ್ಬೇಕು. ಹೆಗಡೇರ ಮನೆ ದೊಡ್ಡಮ್ಮ ಹಾಸಿಗೆ ಹಿಡಿದ ಮೇಲೆ ಆರು ವರ್ಷದಿಂದ ನಾನೇ ಮಾಡೂದು.”

“ನೀನಾ? ಮಡಿಲಿ ಹೆಗಡೇರ ಮನೆಯವ್ರು ಮಾಡೂದು ಅಂತಾರಲ್ಲ.”

“ಹಾಂಗೆ ಹೇಳಿ ಮಾರೂದು. ಸಣ್ಣ ಹೆಗಡೇರಿಗೆ ಅದು ಸರಿ ಕಂಡಿಲ್ಲ. ಹೊಸ ಡಬ್ಬಿ ಮೇಲೆ ನನ್ನ ಹೆಸ್ರು ಹಾಕಸ್ತೆ ಅಂದಿದ್ರು. ಅದನ್ನ ಹೇಳೂಕೇ ಮನೆಗೆ ಬರ್ತಿದ್ದದ್ದು. ಇವ್ರು ಬೇರೆ ಎಂತದೋ ತಿಳ್ಕಂಡು ಕೂಗಾಡಿದ್ರು. ಆಮೇಲೆ ಸಣ್ಣ ಹೆಗಡೇರೇ ಕೂತು ಹೇಳಿದ ಮೇಲೆ ಸುಮ್ನಾದ್ರು.”

“ತದಿಗೆ ದಿನ ಕೆಲಸಕ್ಕೆ ಹೋಗಿದ್ಯಾ?”

“ಹೋಗಿದ್ದೆ. ಮೂರು ಗಂಟೆಗೆ ದೊಡ್ಡ ಹೆಗಡೇರು ಹಸಿ ಪಂಚೇಲಿ ಬಂದ್ರು. ಸೂತಕ ಬಂತು, ಮನೇಲಿ ಚೌತಿ ಇಲ್ಲ, ಮಡಕೆ ಇಳಿಸಿ ಅಂದ್ರು. ಕಲಸಿಟ್ಟ ಹಿಟ್ಟನ್ನೆಲ್ಲ ಗುಂಡಿಗೆ ಚೆಲ್ಲಿಸಿದ್ರು. ಒಂದು ಕೊಡಪಾನ ಹಿಟ್ಟು ಅಮ್ಮಾ. ಹೊಟ್ಟೆ ಉರೀತು.”

ಸೌಮ್ಯ ಬರೆಯುವುದನ್ನು ನಿಲ್ಲಿಸಿದಳು.

“ಯಾರದ್ದು ಸೂತಕ?”

“ಶಿರಸಿ ಕಡೆ ದಾಯಾದಿ ಯಾರೋ ಸತ್ರಂತೆ.”

*

ಪರಿಮಳಾ ಹೆಸರು ಹೇಳಿದಳು. ಸುಬ್ರಾಯ ಹೆಗಡೆ, ಎಂಬತ್ತೆಂಟು ವರ್ಷ.

“ಇವ್ರೇ ಹೋಗಿ ದಹನ ಮುಗಿಸಿ, ಮಿಂದು ಬಂದೆ ಅಂದ್ರು. ಹತ್ತು ದಿನ ಸೂತಕ. ದೇವರ ಕೋಣೆ ಬಾಗಿಲು ಅವತ್ತೇ ಹಾಕಿದ್ದು.”

“ನೀವು ಆ ಮನೆಗೆ ಫೋನ್ ಮಾಡಿದ್ರಾ?”

“ಹಬ್ಬದ ದಿನ ಸತ್ತ ಮನೆಗೆ ಎಂತ ಅಂತ ಫೋನ್ ಮಾಡೋದು? ಇವ್ರು ಹೋಗಿ ಬಂದಿದ್ರಲ್ಲ.”

ಸೌಮ್ಯ ಜೀಪು ಹತ್ತಿದಳು. ಯಲ್ಲಾಪುರದಿಂದ ಶಿರಸಿಗೆ ಒಂದೂವರೆ ತಾಸು. ದಾರಿಯಲ್ಲಿ ಉಲ್ಲಾಸ ಎರಡು ಸಲ ಗಡಿಯಾರ ನೋಡಿದ.

ಸುಬ್ರಾಯ ಹೆಗಡೆ ಜಗಲಿಯಲ್ಲಿ ಕುಳಿತು ಚಕ್ಕುಲಿ ಮುರಿಯುತ್ತಿದ್ದರು. ಹಲ್ಲಿಲ್ಲ, ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಒಳಗೆ ಗಣಪತಿಯ ಮುಂದೆ ದೀಪ ಉರಿಯುತ್ತಿತ್ತು.

“ಆನು ಸತ್ತೋದಿ ಹೇಳಿ ಯಾರು ಹೇಳಿದ್ದು? ಶಂಭುವಾ?” ಮುದುಕರು ಬೊಚ್ಚು ಬಾಯಿ ಬಿಟ್ಟು ನಕ್ಕರು. “ಅಂವ ಇತ್ಲಾಗೆ ಬಪ್ಪದೇ ಬಿಟ್ಟು ಎರಡು ವರ್ಷ ಆತು.”

ಸೌಮ್ಯ ದಿನಕರನ ಸುದ್ದಿ ಹೇಳಿದಳು. ಮೊದಲು ಮುಟ್ಟಿಸಬೇಕಾಗಿದ್ದ ಮನೆ ಅದು. ಯಾರೂ ತಿಳಿಸಿರಲಿಲ್ಲ. ಸುಳ್ಳಿನಲ್ಲಿ ತಾನೇ ಕೊಂದು ಸುಟ್ಟ ಮುದುಕನಿಗೆ ಶಂಭುಲಿಂಗ ಯಾವ ಬಾಯಲ್ಲಿ ಫೋನ್ ಮಾಡಬೇಕು?

ಮುದುಕರ ನಗು ನಿಂತಿತು. ಕೈಯಲ್ಲಿದ್ದ ಚಕ್ಕುಲಿಯನ್ನು ಬಟ್ಟಲಿಗೆ ಇಟ್ಟರು. “ತಂಗೀ, ದೇವರ ಮುಂದಿಂದು ಮುಟ್ಟಡ,” ಎಂದು ಒಳಗಿನ ಸೊಸೆಗೆ ಕೂಗಿ ಹೇಳಿದರು. “ನಂಗಕ್ಕೆ ಸೂತಕ ಬಂತು.”

“ಸತ್ತು ಮೂರು ದಿನ ಆಯ್ತಲ್ಲ ಅಜ್ಜ. ಇಷ್ಟು ದಿನ ಪೂಜೆ ಮಾಡಿದ್ದು ತಪ್ಪಾಯ್ತಾ?”

“ಗೊತ್ತಿಲ್ದೇ ಮಾಡಿದ್ದಕ್ಕೆ ದೋಷ ಇಲ್ಲೆ. ಕಿವಿಗೆ ಬಿದ್ದ ಮೇಲೆ ಸೂತಕ.”

ಸೌಮ್ಯಳಿಗೆ ಬೇಕಾಗಿದ್ದದ್ದು ಅಷ್ಟೇ.

*

ಮೂರು ಗಂಟೆ. ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಶಂಭುಲಿಂಗ ಅದೇ ಕಂಬಕ್ಕೆ ಒರಗಿ ಕುಳಿತಿದ್ದ.

“ಸುಬ್ರಾಯ ಹೆಗಡೇರು ನಿಮ್ಮನ್ನ ಕೇಳಿದ್ರು,” ಎಂದಳು ಸೌಮ್ಯ.

ಅವನು ತಲೆ ಎತ್ತಲಿಲ್ಲ. ಬಾಗಿಲಲ್ಲಿದ್ದ ಪರಿಮಳಾ ಗಂಡನ ಮುಖ ನೋಡಿದಳು.

“ತದಿಗೆ ಮಧ್ಯಾಹ್ನ ಮೂರಕ್ಕೆ ಈ ಮನೆಗೆ ಸೂತಕ ಬಂತು. ಹೇಳಿದ್ದು ನೀವು. ದಾಯಾದಿಗಳಲ್ಲಿ ಅವತ್ತು ಸತ್ತವನು ಒಬ್ಬನೇ, ದಿನಕರ. ಅವನು ಸತ್ತದ್ದು ಚೌತಿ ಮರುದಿನ ಸಂಜೆ ತನಕ ಯಾರಿಗೂ ಗೊತ್ತಿಲ್ಲ. ಸೂತಕ ಬರೋದು ಗೊತ್ತಾದವರಿಗೆ. ನಿಮಗೊಬ್ಬರಿಗೇ ಗೊತ್ತಿತ್ತು. ಪಂಚೆ ಹಸಿ ಇತ್ತು, ಅದಕ್ಕೆ ಸತ್ತ ಮನೆಯ ಕಥೆ ಹೊಂದಿಕೆ ಆಯ್ತು. ಜಾರಿ ಬಿದ್ದೆ ಅಂದಿದ್ರೂ ಮುಗೀತಿತ್ತಲ್ಲ ಹೆಗಡೇರೆ. ಸೂತಕ ಯಾಕೆ ಎತ್ತಿದ್ರಿ?”

ಶಂಭುಲಿಂಗ ಕಂಬ ಬಿಟ್ಟು ನೆಟ್ಟಗೆ ಕುಳಿತ. ಆಮೇಲೆ ಬಾಯಿಗೆ ಬಂದದ್ದು ಮನೆಯೊಳಗೆ ಆಡುವ ಮಾತು.

“ಜಾರಿ ಬಿದ್ದಿ ಹೇಳಿದ್ರೆ ಮರುದಿನ ಪೂಜೆಗೆ ಕೂರಲೇ ಬೇಕಾಗ್ತಿತ್ತು. ಮನುಷ್ಯರಿಗೆ ಸುಳ್ಳು ಹೇಳಿದಿ. ಸೂತಕದಲ್ಲಿ ದೇವರಿಗೆ ನೈವೇದ್ಯ ಇಡದು ಯನ್ನ ಕೈಲಿ ಆಜಿಲ್ಲೆ.”

“ಎಂತಕ್ಕೆ ಕೊಂದ್ರಿ?”

“ದೇವರಿಗೆ ಇಡ ತಿಂಡಿ ಮೇಲೆ ಆ ದುರ್ಗಿ ಹೆಸ್ರು ಹಾಕ್ತೆ ಹೇಳಿ ಹೊಂಟ. ಬಸ್ಸಿಗೆ ಹೋಪವನ್ನ ಕೆರೆ ಹತ್ರ ತಡದಿ. ಕೇಳಿದ್ನಿಲ್ಲೆ. ದೂಡಿದಿ. ಮೆಟ್ಟಿಲಿಗೆ ತಲೆ ಹೊಡತ್ತು, ನೀರಿಗೆ ಬಿದ್ದ.”

“ಎತ್ತಲಿಲ್ವಾ?”

“ಕೈ ಎತ್ತಿ ಅಣ್ಣಾ ಹೇಳಿ ಕೂಗಿದ. ನಿಂತ್ಕಂಡು ನೋಡಿದಿ.”

“ಮತ್ತೆ ಪಂಚೆ ಹ್ಯಾಗೆ ಒದ್ದೆ ಆಯ್ತು?”

ಶಂಭುಲಿಂಗ ಮೊದಲ ಸಲ ಅವಳ ಮುಖ ನೋಡಿದ. ಇಷ್ಟೂ ಗೊತ್ತಾಗುವುದಿಲ್ಲವೇ ಎಂಬ ನೋಟ.

“ಸತ್ತ ಮೇಲೆ ಮೀಯವಲ.”

ತಮ್ಮನನ್ನು ಎತ್ತಲು ನೀರಿಗೆ ಇಳಿಯದವನು ಅವನ ಸೂತಕಕ್ಕೆ ಮೀಯಲು ಇಳಿದಿದ್ದ. ಅದೇ ಕೆರೆ, ಅದೇ ಮೆಟ್ಟಿಲು. ಸೌಮ್ಯ ಹದಿನೊಂದು ವರ್ಷ ಪೊಲೀಸ್ ಕೆಲಸ ಮಾಡಿದವಳು. ಇಂಥ ಹೇಳಿಕೆ ಬರೆದುಕೊಂಡದ್ದು ಇದೇ ಮೊದಲು.

*

ಐದು ಗಂಟೆಗೆ ಗಣಪನನ್ನು ಬಿಟ್ಟರು. ಅವನು ಕತ್ತಿ ಕೇಳಿದ. ಕೇಸು ಮುಗಿಯುವವರೆಗೆ ಕೊಡಲು ಬರುವುದಿಲ್ಲ ಎಂದ ಉಲ್ಲಾಸ.

ಮಾರನೆಯ ದಿನ ಪತ್ರಿಕೆಯಲ್ಲಿ ಎಲ್ಲವೂ ಬಂತು. ಕೊಲೆ ಯಾಕಾಯಿತು, ತೊಡದೇವು ಯಾರ ಕೈಯದು, ಎರಡೂ. ಮಹಜರಿಗೆಂದು ಸೌಮ್ಯ ಹೆಗಡೇರ ಮನೆಗೆ ಹೋದಾಗ ದುರ್ಗಿಯೂ ಬಂದಿದ್ದಳು, ಒಳಗೆ ಉಳಿದ ತನ್ನ ಸೀರೆ ತೆಗೆದುಕೊಂಡು ಹೋಗಲು. ಜಗಲಿಯ ಮೇಲೆ ತೊಡದೇವಿನ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಬೆಳಿಗ್ಗೆಯಿಂದ ಜನ ತಂದು ಇಟ್ಟು ಹೋಗುತ್ತಿದ್ದರು. ಕೆಲವು ಅರ್ಧ ಖಾಲಿ.

“ಕೊಲೆ ಮಾಡಿದವ್ರ ಮನೇದು ಅಂತ ವಾಪಸ್ ತಂದ್ರಾ?” ಎಂದು ದುರ್ಗಿ ಕೇಳಿದಳು.

ಪರಿಮಳಾ ಡಬ್ಬಿ ಎಣಿಸುವವಳಂತೆ ಆ ಕಡೆ ತಿರುಗಿದಳು. ಉಲ್ಲಾಸ ಚಪ್ಪಲಿ ನೋಡಿದ. ಸೌಮ್ಯ ಸುಳ್ಳು ಹೇಳಬೇಕೆಂದುಕೊಂಡಳು. ಹೌದು ಎಂಬ ಒಂದೇ ಒಂದು ಮಾತು, ಬಾಯಿಗೆ ಬರಲಿಲ್ಲ.

ದುರ್ಗಿ ಸೀರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅಂಗಳ ಇಳಿದಳು.