ಅಣಬೆ ಇಟ್ಟಿಗೆ

"ಅಯ್ಯೋ! ಏನ್ರೀ ಮಾಡ್ಬಿಟ್ರಿ?!"

ಯಶೋಧರಾಳ ಕೂಗಿಗೆ ಬಾಣಾವರದ ಆ ಹಳೆಯ ಶೆಡ್ಡಿನ ತಗಡೇ ಅದುರಿತು. ಅವಳು ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಒಬ್ಬ ಒಳಗೆ ಬಂದು, ಕೈಯೆಲ್ಲ ಅರಿಶಿನ ಮಾಡಿಕೊಂಡು ನಿಂತಿದ್ದ. ಶೆಡ್ಡಿನ ಒಡತಿ ದೇವೀರಮ್ಮನ ಮಗ, ಹೈಸ್ಕೂಲ್ ಮೇಷ್ಟ್ರು ನಟರಾಜ್.

"ಇಟ್ಟಿಗೆಗೆ ಬೂಷ್ಟು ಹಿಡಿದಿತ್ತು ಕಣ್ರೀ... ಪಾಪ ಅಂತ ಅರಿಶಿನದ ಬಿಸಿನೀರಲ್ಲಿ ತೊಳೆದೆ."

"ಆ ಬೂಷ್ಟೇ ರೀ ನನ್ನ ರಿಸರ್ಚು!"

ತೆಂಗಿನ ನಾರಿನ ಪುಡಿಯೊಳಗೆ ಅಣಬೆಯ ಬೇರಿನಂಥ ಬಿಳಿ ಎಳೆಗಳನ್ನು ಬೆಳೆಸಿ, ಓವನ್‌ನಲ್ಲಿ ಒಣಗಿಸಿದರೆ ಹಗುರವಾದ ಇಟ್ಟಿಗೆ. ಸಿಮೆಂಟಿಲ್ಲದ ಮನೆ ಕಟ್ಟುವ ಕನಸು ಅವಳದು. ಊರವರು 'ಬೂಷ್ಟು ಮೇಡಂ' ಎಂದು ನಗುತ್ತಿದ್ದರು. ಮಾತಾಡಿಸುವವರಿಲ್ಲದೆ ಅವಳು ಇಟ್ಟಿಗೆಗಳ ಜೊತೆಗೇ ಮಾತಾಡುತ್ತಿದ್ದಳು. ಈಗ ಅವೂ ಸತ್ತಿದ್ದವು!

ಅಂದಿನಿಂದ ನಟರಾಜ್ ಶಾಲೆ ಬಿಟ್ಟೊಡನೆ ಬರತೊಡಗಿದ. ನಾರಿನ ಪುಡಿ ಬೇಯಿಸಿದ, ಅಚ್ಚಿಗೆ ತುಂಬಿದ. ಬರುವಾಗ ಇಬ್ಬರಿಗೂ ಅಮ್ಮನ ಕೈಯ ಮುದ್ದೆ, ಬಸ್ಸಾರು ತರುತ್ತಿದ್ದ.

'ಮಾಡಿದ ತಪ್ಪು ತೀರಿಸ್ತಿದಾರೆ, ಅಷ್ಟೇ,' ಎಂದು ಅವಳು ಮನಸ್ಸಿಗೆ ಬುದ್ಧಿ ಹೇಳಿಕೊಂಡಳು. ಹಾಳು ಮನಸ್ಸು, ಕೇಳಿದರೆ ತಾನೆ! ಸಂಜೆಯಾದರೆ ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

ಕಡೆಗೂ ಹೊಸ ಇಟ್ಟಿಗೆಗಳು ಬೆಳ್ಳಗೆ ತುಂಬಿ ಬಂದವು.

"ಇನ್ನು ಓವನ್‌ಗೆ ಹಾಕಿದ್ರೆ ಮುಗೀತು," ಅಂದಳು.

"ಹಾಗಾದ್ರೆ ನನ್ನ ಕೆಲಸಾನೂ ಮುಗೀತು ಅನ್ನಿ," ಎಂದು ನಕ್ಕು ಹೋದವನು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಶೆಡ್ಡು ಬಣಬಣ ಎನ್ನುತ್ತಿತ್ತು. ಒಬ್ಬಳೇ ಬ್ರೆಡ್ಡು ತಿಂದಳು, ಒಬ್ಬಳೇ ಅತ್ತಳು. ಇಟ್ಟಿಗೆಗಳನ್ನು ಮಾತ್ರ ಓವನ್‌ಗೆ ಹಾಕಲಿಲ್ಲ...

ವಾರ ಕಳೆದು ನಟರಾಜ್ ಇಣುಕಿದ.

"ಗೋಡೆ ಎದ್ದಿರುತ್ತೆ, ನೋಡ್ಕೊಂಡು ಹೋಗೋಣ ಅಂತ..." ಮಾತು ಅಲ್ಲೇ ನಿಂತಿತು. ಒಣಗಿಸದೆ ಬಿಟ್ಟ ಇಟ್ಟಿಗೆಗಳ ಮೈತುಂಬ ಅಣಬೆ ಎದ್ದಿದ್ದವು.

"ಏನ್ರೀ ಇದು! ಎಲ್ಲ ಕೆಟ್ಟೋಯ್ತಲ್ಲ! ಓವನ್‌ಗೆ ಹಾಕ್ಲೇ ಇಲ್ವಾ?"

"ಹಾಕಿದ್ರೆ ಕೆಲಸ ಮುಗೀತಿತ್ತು."

"ಮುಗೀಲಿ ಅಂತ ತಾನೆ ಇಷ್ಟು ಕಷ್ಟಪಟ್ಟಿದ್ದು?"

"ಮುಗಿದ್ರೆ... ನೀವು ಬರಲ್ವಲ್ಲ!"

ನಟರಾಜ್ ಬಾಗಿಲು ದಾಟಿ ಒಳಗೆ ಬಂದ. "ತಪ್ಪು ತೀರಿಸೋಕೆ ಬರ್ತಿದ್ದೆ ಅಂದ್ಕೊಂಡ್ರಾ? ಅದು ಮೊದಲ ವಾರಕ್ಕೇ ತೀರಿತ್ತು ಕಣ್ರೀ."

"ಮತ್ತೆ ಯಾಕೆ ಬರ್ತಿದ್ರಿ?"

"ನೀವು ಒಬ್ಬರೇ ಕೂತು ಊಟ ಮಾಡೋದು ನೋಡೋಕೆ ಆಗ್ತಿರ್ಲಿಲ್ಲ. ಕೆಲಸ ಇಲ್ದೆ ಬಂದ್ರೆ ಏನಂದ್ಕೋತೀರೋ ಅಂತ ಹೆದರಿ ನಿಲ್ಲಿಸಿದೆ."

"ಇನ್ಮೇಲೆ ಕೆಲಸ ಇಲ್ದೇನೇ ಬನ್ನಿ."

"ಬರ್ತೀನಿ. ಇವತ್ತು ಊಟ ಆಯ್ತಾ?"

ಅವಳು ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು. "ನಿಮ್ಮದು?"

"ನನ್ನದಾ? ವಾರವೇ ಆಯ್ತು ಕಣೇ, ಸರಿಯಾಗಿ ಉಂಡು."