ಮೋಡ ಕವಿದ ಮೂರು ಚಿತ್ರಗಳು

ಖಾನಾಪುರದ ಸ್ಟೇಷನ್ ರಸ್ತೆಯ ತಮ್ಮ ಫೋಟೊ ಸ್ಟುಡಿಯೊ ಮುಚ್ಚಿದ ಮೇಲೂ ಪ್ರಮಿಳಾಬಾಯಿಯವರನ್ನು ಹುಡುಕಿಕೊಂಡು ಜನ ಬರುವುದು ನಿಂತಿರಲಿಲ್ಲ. ನಕಲಿ ಸಹಿ, ತಿದ್ದಿದ ಪಟ, ಯಾವುದೂ ಅವರ ಕಣ್ಣು ತಪ್ಪಿಸಲಾರದೆಂದು ಊರಿಗೆಲ್ಲ ಗೊತ್ತಿತ್ತು. ಇಪ್ಪತ್ತು ವರ್ಷ ಅವರ ಕೈಕೆಳಗೆ ಫೋಟೊ ತಿದ್ದಿದ್ದ ಗೌರವ್ವ ಈಗಲೂ ಅವರ ಜೊತೆಗೇ ಇದ್ದಳು.

ಆ ಸೋಮವಾರ ಬಂದವಳು ಬೆಳಗಾವಿಯ ಕಾಲೇಜೊಂದರ ಸಂಶೋಧಕಿ ಅನುಜಾ.

"ಅಕ್ಕಾರ, ನಾ ಸುಳ್ಳು ಗ್ರಹ ಹುಟ್ಟಿಸೀನಿ ಅಂತ ದೂರು ಹೋಗೇತ್ರಿ. ನಾಳೆ ವಿಚಾರಣಿ. ನಾಕ್ ವರ್ಷದ ಕೆಲಸ ಮಣ್ಣಾಗತೈತಿ."

"ಕುಂದರು, ತಂಗಿ. ಖರೇ ಗ್ರಹ ಹೆಂಗ ಹುಟ್ಟತೈತಿ, ಅದನ್ನ ಮೊದಲ ಹೇಳು."

ಎಳೆಯ ನಕ್ಷತ್ರದ ಸುತ್ತ ಧೂಳಿನ ತಟ್ಟೆಯಿರುತ್ತದೆ, ಒಳಗೆ ಬೆಳೆಯುವ ಗ್ರಹ ಧೂಳನ್ನು ಸೆಳೆದುಕೊಂಡು ಅಲ್ಲೊಂದು ಖಾಲಿ ಪಟ್ಟಿ ಮಾಡುತ್ತದೆ ಎಂದು ಅನುಜಾ ವಿವರಿಸಿದಳು. ದೂರದರ್ಶಕದೊಳಗೆ ಪುಟ್ಟ ಮರೆಯಿಟ್ಟು ನಕ್ಷತ್ರದ ಪ್ರಖರತೆ ತಡೆದರೆ, ಆ ಪಟ್ಟಿಯಲ್ಲಿ ಗ್ರಹವೇ ಒಮ್ಮೊಮ್ಮೆ ಚುಕ್ಕೆಯಾಗಿ ಕಾಣುತ್ತದೆ. ವೀಕ್ಷಣಾಲಯದಿಂದ ತರಿಸಿದ ಚಿತ್ರಗಳಲ್ಲಿ ಅಂಥದೊಂದು ಮಸುಕು ಚುಕ್ಕೆ ಅವಳಿಗೆ ಸಿಕ್ಕಿತ್ತು. ಆದರೆ ಈಗ ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಚಿತ್ರಗಳಲ್ಲಿ ಅದರ ಮೇಲೆಯೇ ಯಾರೋ ಢಾಳಾದ ಚುಕ್ಕೆ ಕೂರಿಸಿದ್ದರು. 'ಅರವತ್ತೂ ಚಿತ್ರಗಳಲ್ಲಿ ಕೃತಕ ಚುಕ್ಕೆ ಸೇರಿಸಲಾಗಿದೆ' ಎಂದಿತ್ತು ಹೆಸರಿಲ್ಲದ ದೂರು. ಅದನ್ನು ಓದಿದವರು ಅನುಜಾ ಮತ್ತು ಮಾರ್ಗದರ್ಶಕ ಗುರುಪಾದಪ್ಪ ಮಾತ್ರ. ಕಂಪ್ಯೂಟರಿನ ಗುಪ್ತಪದ ಅವರಿಬ್ಬರ ಜೊತೆಗೆ ಸಹಸಂಶೋಧಕ ರೋಹನನಿಗೂ ಗೊತ್ತಿತ್ತು.

ಪ್ರಮಿಳಾಬಾಯಿ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ನಲವತ್ತೊಂದನೆಯದಕ್ಕೆ ಕೈ ನಿಂತಿತು.

"ಈ ಮೂರು ಯಾಕ ಮಬ್ಬ ಅದಾವ?"

"ತೆಳು ಮೋಡ ಬಂದಿತ್ರಿ. ಅವನ್ನ ಬಿಟ್ಟು ಐವತ್ತೇಳರಾಗ ಅಷ್ಟ ಕೆಲಸ ಮಾಡೀನಿ. ಗುರುಪಾದಪ್ಪ ಸರ್ ಅವರೇ ಬಿಡು ಅಂದ್ರು."

ಅವಳ ಟಿಪ್ಪಣಿ ಪುಸ್ತಕದಲ್ಲಿ ಆ ಮಾತಿತ್ತು, ಕೆಳಗೆ ಗುರುಪಾದಪ್ಪನವರ ಸಹಿ. ಗೌರವ್ವ ಆ ಮೂರು ಚಿತ್ರಗಳನ್ನೇ ನೋಡುತ್ತ ಕುಳಿತಳು. ಏನೋ ಸರಿಯಿಲ್ಲವೆಂದು ಅನ್ನಿಸಿತು, ಏನೆಂದು ಹೊಳೆಯಲಿಲ್ಲ.

"ವೀಕ್ಷಣಾಲಯದಿಂದ ಮೂಲಪ್ರತಿ ಮತ್ತೊಮ್ಮೆ ತರಸು," ಎಂದರು ಪ್ರಮಿಳಾಬಾಯಿ.

ಮರುದಿನ ವಿಚಾರಣೆಗೆಂದು ಕಾಲೇಜಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಪ್ರಮಿಳಾಬಾಯಿ ಮೊದಲು ರೋಹನನ ಕಡೆ ತಿರುಗಿದರು.

"ನೀವು ಈಕೀ ಚಿತ್ರ ನೋಡೀರೇನು?"

"ಇಲ್ರಿ. ಪ್ರಬಂಧಾನೂ ಓದಿಲ್ಲ. ಆದ್ರೂ ಅರವತ್ತು ಚಿತ್ರದಾಗ ಕೈಯಾಡಸೂದು ಅಂದ್ರ ಸಣ್ಣ ಕೆಲಸ ಅಲ್ರಿ."

ಗುರುಪಾದಪ್ಪ ತಲೆಯೆತ್ತಿ ನೋಡಿದರು.

"ಮೋಡ ಬಂದ್ರ ನಕ್ಷತ್ರದ ಬೆಳಕೂ ಕುಗ್ಗತೈತಿ, ಗ್ರಹದ್ದೂ ಕುಗ್ಗತೈತಿ," ಎಂದರು ಪ್ರಮಿಳಾಬಾಯಿ. "ಮಬ್ಬ ಫೋಟೋದಾಗ ಮೂಗುತಿ ಒಂದ ಫಳಫಳ ಹೊಳದ್ರ, ಅದು ಬ್ರಷ್ಷಿನ ಹೊಳಪು. ಈ ಮೂರರಾಗೂ ಚುಕ್ಕಿ ಒಂಚೂರೂ ಮಸಕಾಗಿಲ್ಲ."

ನಿನ್ನೆ ತನಗೆ ಸಿಗದೆ ಕಾಡಿದ್ದು ಇದೇ ಎಂದು ಗೌರವ್ವನಿಗೆ ಆಗ ತಿಳಿಯಿತು.

"ಮೋಡದ ಸುದ್ದಿ ಗೊತ್ತಿದ್ದವರು ಹಿಂಗ ಮಾಡಂಗಿಲ್ಲ. ಅನುಜಾ ಅದನ್ನ ಬರದಾಳ, ಸರ್ ಸಹಿ ಮಾಡ್ಯಾರ. ಇಬ್ಬರ ಬಾಯಾಗೂ ಐವತ್ತೇಳೇ. ಅರವತ್ತು ಅಂದದ್ದು ದೂರಿನ ಕಾಗದ, ಅದನ್ನ ಓದಿದವರು ಇವರಿಬ್ಬರ. ನೀವು ಚಿತ್ರ ನೋಡಿಲ್ಲ, ಪ್ರಬಂಧ ಓದಿಲ್ಲ ಅಂತೀರಿ. ನಿಮಗ ಅರವತ್ತು ಅಂತ ಯಾರು ಹೇಳಿದ್ರು, ರೋಹನ?"

ರೋಹನ ಮೇಜಿನ ಮೇಲಿದ್ದ ಟಿಪ್ಪಣಿ ಪುಸ್ತಕ ತೆರೆದು ಆ ಸಹಿ ನೋಡಿದ.

"ಆ ಚುಕ್ಕಿ ಖರೇ ಐತಿ ಅಂತ ನನಗ ಗೊತ್ತಿತ್ರಿ," ಎಂದ. "ಆಕೀ ಹೆಸರು ಕೆಟ್ಟರ ಆ ನಕ್ಷತ್ರಾನ ಯಾರೂ ಮುಟ್ಟತಿದ್ದಿಲ್ಲ. ಎರಡು ವರ್ಷ ಬಿಟ್ಟು ನಾ ತೋರಸ್ತಿದ್ದೆ."

ಅನುಜಾ ಅವನತ್ತ ನೋಡಲಿಲ್ಲ. ವೀಕ್ಷಣಾಲಯದಿಂದ ಬಂದ ಮೂಲಪ್ರತಿಯನ್ನು ಪರದೆಯ ಮೇಲೆ ತೆರೆದಳು. ಮಸುಕು ಚುಕ್ಕೆ ಇತ್ತು. ನಲವತ್ತೊಂದರಲ್ಲಿ ಅದು ನಕ್ಷತ್ರದ ಬೆಳಕಿನ ಜೊತೆಗೇ ಕುಗ್ಗಿತು. ನಲವತ್ತನಾಲ್ಕರಲ್ಲಿ ಮರಳಿ ಬಂತು.

ಗುರುಪಾದಪ್ಪ ಎದ್ದು ನಿಂತರು. "ಮೊದಲ ನಾನ ಇದನ್ನ ತೆರದು ನೋಡಬೇಕಿತ್ತು, ಅನುಜಾ. ದೂರು ನಂಬಿದೆ. ತಪ್ಪಾತು."

ಗೌರವ್ವ ಪರದೆಯ ಹತ್ತಿರ ಹೋದಳು. "ಇದನ, ಗ್ರಹ ಅಂದ್ರ?"

"ಇನ್ನೂ ಆಗಾಕತ್ತೈತ್ರಿ," ಎಂದಳು ಅನುಜಾ.