ಖಾಕಿ ಪತಂಗ

"ಯಾರ್ರೀ ಇದಕ್ಕ ಪಾಲಿಶ್ ಹೊಡದವ್ರು?!"

ಮಧುಮತಿಯ ಕೂಗಿಗೆ ದಾಂಡೇಲಿಯ ಆ ಪುಟ್ಟ ವಸ್ತುಸಂಗ್ರಹಾಲಯದ ಕಿಟಕಿಗಳೇ ನಡುಗಿದವು.

"ನಾನ ರೀ..." ಖಾಕಿ ಅಂಗಿಯ ಬಡಿಗ ಶಿವಯೋಗಿ ಎದ್ದು ನಿಂತ. "ತೊಗಟಿ ಒರಟ ಇತ್ರಿ. ನಿಮ್ಮ ಕೆಲಸ ಚಂದ ಕಾಣ್ಲಿ ಅಂತ ಬಿಡಿಸಿ ತಗದು..."

ಮೂರು ವಾರ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದರೂ ಅವಳು ಅವನ ಮುಖವನ್ನು ಸರಿಯಾಗಿ ನೋಡಿದ್ದು ಇದೇ ಮೊದಲು!

ಪಾಲಿಶ್ ಹೊಡೆದದ್ದು ಹಲಗೆಗೆ, ಹೊಳಪು ಹೋದದ್ದು ಅವಳ ಮುಖದ್ದು.

ಜೀವವಿಕಾಸ ತಿಳಿಸಲು ಅವಳು ಹೆಣೆದ ಮೊದಲ ಆಟವಿದು. ತೊಗಟೆಯ ಹಲಗೆಯ ಮೇಲೆ ಕಂದು, ಹಳದಿ ಕಾಗದದ ಪತಂಗಗಳು. ನೋಡಲು ಬಂದವರೇ ಮಂಗಟ್ಟೆ ಹಕ್ಕಿಗಳು. ಹತ್ತು ಸೆಕೆಂಡಿನಲ್ಲಿ ಕಂಡಷ್ಟನ್ನು ಕಿತ್ತು 'ತಿನ್ನಬೇಕು'. ತೊಗಟೆಯಲ್ಲಿ ಅಡಗಿದ ಕಂದು ಪತಂಗ ಉಳಿದು, ಮರಿ ಮಾಡಿ, ಹೆಚ್ಚಬೇಕು.

ನಾಳೆಯೇ ಉದ್ಘಾಟನೆ. ಆಟ ಕೈಕೊಟ್ಟರೆ ಆ ಜಾಗದಲ್ಲಿ ಬರೀ ವಿವರ ಬರೆದ ಒಂದು ಫಲಕ ತೂಗುತ್ತದೆ!

ಈಗ ನೋಡಿದರೆ ತೊಗಟೆಯೇ ಇಲ್ಲ. ಹಲಸಿನ ಹಲಗೆ ಬಂಗಾರದಂತೆ ಮಿನುಗುತ್ತಿದೆ.

"ಇಡೀ ಅಡವೀನ ಅಳಿಸಿಬಿಟ್ರಲ್ಲ ನೀವು!" ಅವಳ ಕಣ್ಣು ತುಂಬಿತು.

ಕಸ ಗುಡಿಸುತ್ತಿದ್ದ ಗೋದುಬಾಯಿ ಪೊರಕೆ ಬದಿಗಿಟ್ಟಳು. "ಅಳಬ್ಯಾಡ ತಂಗಿ. ಪತಂಗ ಹಚ್ಚು, ನಾ ಹಕ್ಕಿ ಆಗ್ತೇನಿ. ಯೋಗಿ, ನೀ ಎಣಸು!"

ಶಿವಯೋಗಿ ಸಪ್ಪೆ ಮೋರೆಯಲ್ಲೇ "ಕ್ರ್ಯಾಕ್... ಕ್ರ್ಯಾಕ್!" ಎಂದು ಥೇಟ್ ಮಂಗಟ್ಟೆಯಂತೆ ಕೂಗಿ ಆಟ ಶುರುಮಾಡಿದ.

ಹತ್ತು ಸೆಕೆಂಡು. ಗೋದುಬಾಯಿಯ ಮುಷ್ಟಿ ತುಂಬ ಬರೀ ಕಂದು!

"ಅಗಬಾಯಿ! ಹಳದೀವು ಇಲ್ಲೇ ಕುಂತಾವೇನ? ನನಗ ಕಾಣಲೇ ಇಲ್ಲ!"

ಮಧುಮತಿ ಹಲಗೆಯನ್ನೇ ದಿಟ್ಟಿಸಿದಳು. 'ಅಡವಿ ಬದಲಾದರೆ ಉಳಿಯುವವರೂ ಬದಲಾಗುತ್ತಾರೆ... ನನ್ನ ಆಟ ಇದನ್ನು ಹೇಳುತ್ತಲೇ ಇರಲಿಲ್ಲವಲ್ಲ!'

"ಆ ತೊಗಟಿ ಎಲ್ಲಿ ಒಗದ್ರಿ?"

"ಒಗದಿಲ್ರಿ. ನೀವು ಆರಿಸಿ ತಂದಿದ್ದಲ್ಲ... ಇಟ್ಕೊಂಡೇನಿ."

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ಹಂಗಾದ್ರ ಅರ್ಧ ಹಲಗಿಗೆ ವಾಪಸ್ ಬಡೀರಿ. ಉಳಿದರ್ಧ... ನಿಮ್ಮ ಪಾಲಿಶ್ ಇರ್ಲಿ!"

ಮರುದಿನ ಮುಂಡಗೋಡದಿಂದ ಬಂದ ಟೀಚರುಗಳೂ ಹಕ್ಕಿಗಳಾಗಿ ಹಲಗೆಗೆ ಮುಗಿಬಿದ್ದರು. ತೊಗಟೆಯಲ್ಲಿ ಕಂದು ಉಳಿಯಿತು, ಪಾಲಿಶಿನಲ್ಲಿ ಹಳದಿ. ಫಲಕದ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಪತಂಗ ಎತ್ತಿಡುವಾಗ ಮಧುಮತಿ ತಡವರಿಸಿದಳು. "ಕಂದು ಒಂದು ಸಿಗವಲ್ದು..."

ತಲೆಯೆತ್ತಿದಳು. ಎದುರಿಗೇ ಶಿವಯೋಗಿ. ಖಾಕಿ ಜೇಬಿನ ಮೇಲೆ ಪತಂಗ!

"ಮೂರು ವಾರ ಕಣ್ಣ ಮುಂದನ ಇತ್ರಿ," ಎಂದ ಅವನು. "ನಿಮಗ ಕಾಣಲೇ ಇಲ್ಲ."

ಅದನ್ನು ಬಿಡಿಸಲು ಹೋದ ಅವಳ ಬೆರಳು ಅಲ್ಲೇ ನಿಂತಿತು.

"ಈಗ ಸಿಕ್ತಲ್ಲ... ಹಕ್ಕಿ ಬಿಡೂದಿಲ್ಲ, ನೋಡ್ರಿ!"

"ಬಿಡಬ್ಯಾಡ್ರಿ."

"ನಾಳಿ ಈ ಖಾಕಿ ಬ್ಯಾಡ. ಕೆಂಪಂಗಿ ಹಾಕ್ಕೊಂಡ್ ಬರ್ರಿ."

"ಯಾಕ್ರಿ?"

"ದೂರದಿಂದನ ಕಾಣಬೇಕು... ನನಗ!"